ಕಣ್ಣಿನ ನರಕ್ಕೆ ನೆತ್ತರು ನಿಂತಾಗ

1908ರಲ್ಲಿ ಜಪಾನಿನ ಫುಕುವೊಕಾ ನಗರದಲ್ಲಿ ಕಣ್ಣಿನ ವೈದ್ಯರ ಸಮ್ಮೇಳನ ನಡೆಯಿತು. ಕನಜಾವಾದ ಪ್ರಾಧ್ಯಾಪಕ ಮಿಕಿಟೊ ಟಕಾಯಾಸು ಅಲ್ಲಿ ಇಪ್ಪತ್ತರ ಹರೆಯದ ಹೆಣ್ಣುಮಗಳೊಬ್ಬಳ ಕಣ್ಣಿನ ವಿವರ ಮುಂದಿಟ್ಟರು. ಅವಳ ರೆಟಿನಾದಲ್ಲಿ, ದೃಷ್ಟಿನರ ಕಣ್ಣಿಗೆ ಸೇರುವ ಜಾಗದ ಸುತ್ತ, ಸಣ್ಣ ರಕ್ತನಾಳಗಳು ಒಂದಕ್ಕೊಂದು ಬೆಸೆದುಕೊಂಡು ಹಾರದ ಆಕಾರದಲ್ಲಿ ಹೆಣೆದುಕೊಂಡಿದ್ದವು. ಟಕಾಯಾಸು ಮಾತು ಮುಗಿಸಿದ ಮೇಲೆ ಓನಿಶಿ ಮತ್ತು ಕಾಗೋಶಿಮಾ ಎಂಬ ಇಬ್ಬರು ವೈದ್ಯರು ತಾವೂ ಇಂಥದೇ ಕಣ್ಣುಗಳನ್ನು ನೋಡಿದ್ದೇವೆ ಎಂದರು. ಜೊತೆಗೆ ಇನ್ನೊಂದು ಸಂಗತಿ ಹೇಳಿದರು: ಆ ರೋಗಿಗಳ ಮಣಿಕಟ್ಟಿನಲ್ಲಿ ನಾಡಿಯೇ ಸಿಗುತ್ತಿರಲಿಲ್ಲ.

ಕಣ್ಣು ಮಂಜಾಗುವುದಕ್ಕೂ ನಾಡಿ ಸಿಗದಿರುವುದಕ್ಕೂ ಒಂದೇ ಕಾರಣ ಎಂಬುದು ನಿಧಾನವಾಗಿ ಸ್ಪಷ್ಟವಾಯಿತು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಗೋಡೆಯಲ್ಲಿ ಉರಿಯೂತವಾಗಿ, ಗೋಡೆ ದಪ್ಪಗಾಗಿ, ಕತ್ತಿಗೂ ಕೈಗಳಿಗೂ ಹೋಗುವ ಕವಲುಗಳು ಮುಚ್ಚಿಕೊಳ್ಳುತ್ತಿದ್ದವು. ರಕ್ತ ಸಾಲದ ರೆಟಿನಾ ತನಗೆ ತೋಚಿದ ಅಡ್ಡದಾರಿಗಳನ್ನು ಮಾಡಿಕೊಂಡಿತ್ತು. ಈ ರೋಗ ಇಂದು ಟಕಾಯಾಸು ಆರ್ಟರೈಟಿಸ್ ಎಂದೇ ಪ್ರಸಿದ್ಧ. ಒಬ್ಬ ಕಣ್ಣಿನ ವೈದ್ಯರ ಹೆಸರು ಮಹಾಧಮನಿಯ ಕಾಯಿಲೆಗೆ ಅಂಟಿಕೊಂಡ ಬಗೆ ಇದು.

ಆಟೊಇಮ್ಯೂನ್ ವ್ಯಾಸ್ಕ್ಯುಲೈಟಿಸ್ ಎಂದು ಒಟ್ಟಾಗಿ ಕರೆಯುವ ಕಾಯಿಲೆಗಳೆಲ್ಲ ಹೀಗೆಯೇ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಕಣಗಳು ರಕ್ತನಾಳದ ಗೋಡೆಯ ಮೇಲೇ ತಿರುಗಿಬೀಳುತ್ತವೆ. ನೋಟ ಕಳೆದುಹೋಗುವುದು ಕಣ್ಣಲ್ಲಿ. ಅದರ ಸುಳಿವು ಸಿಗುವುದು ನೆತ್ತಿಯ ಚರ್ಮದಲ್ಲಿ, ದವಡೆಯಲ್ಲಿ, ಮೂಗಿನಲ್ಲಿ, ಮಣಿಕಟ್ಟಿನಲ್ಲಿ. ಸುಳಿವನ್ನು ಹಿಡಿಯಲು ಸಿಗುವ ಸಮಯ ಕೆಲವು ಕಾಯಿಲೆಗಳಲ್ಲಿ ತಿಂಗಳುಗಟ್ಟಲೆ, ಕೆಲವದರಲ್ಲಿ ಕೆಲವೇ ಗಂಟೆ. ನಮ್ಮ ಆಸ್ಪತ್ರೆಗಳಲ್ಲಿ ಕಣ್ಣಿಗೊಂದು ಕಟ್ಟಡ, ಕೀಲುನೋವಿಗೊಂದು ಕಟ್ಟಡ, ಕಿವಿ-ಮೂಗಿಗೆ ಇನ್ನೊಂದು. ಈ ಕಾಯಿಲೆಗಳಲ್ಲಿ ಕುರುಡಾಗುವವರಲ್ಲಿ ಬಹಳ ಜನ ನೋಟ ಕಳೆದುಕೊಳ್ಳುವುದು ಆ ಕಟ್ಟಡಗಳ ನಡುವೆ ಓಡಾಡುವ ಹೊತ್ತಿನಲ್ಲಿ ಎಂಬುದು ನನ್ನ ನಂಬಿಕೆ.

ದೃಷ್ಟಿನರದ ಉದ್ದ ಹೆಚ್ಚೆಂದರೆ 5 ಸೆಂಟಿಮೀಟರ್. ಅದರೊಳಗೆ ಹತ್ತು-ಹನ್ನೆರಡು ಲಕ್ಷ ಎಳೆಗಳಿವೆ. ಸತ್ತ ಎಳೆ ಮತ್ತೆ ಚಿಗುರುವುದಿಲ್ಲ. ವ್ಯಾಸ್ಕ್ಯುಲೈಟಿಸ್ ಈ ನರವನ್ನು ಕೆಡಿಸುವುದು ಮುಖ್ಯವಾಗಿ ಮೂರು ಬಗೆಯಲ್ಲಿ. ನರಕ್ಕೆ ರಕ್ತ ಕೊಡುವ ಸಣ್ಣ ನಾಳಗಳು ಮುಚ್ಚಿ ನರ ಉಪವಾಸ ಬೀಳಬಹುದು. ಕಣ್ಣಗುಳಿಯಲ್ಲಿ ಉರಿಯೂತದ ಗಡ್ಡೆ ಬೆಳೆದು ನರವನ್ನು ಹಿಸುಕಬಹುದು. ನರವೇ ಅಥವಾ ಅದರ ಹೊದಿಕೆಯೇ ಊದಿಕೊಳ್ಳಬಹುದು. ಹೊರಗಿನಿಂದ ನೋಡಿದರೆ ಮೂರರದ್ದೂ ದೂರು ಒಂದೇ: ಕಣ್ಣು ಕಾಣಿಸುತ್ತಿಲ್ಲ. ಚಿಕಿತ್ಸೆಯ ಆತುರ, ವಾಸಿಯಾಗುವ ಸಾಧ್ಯತೆ ಮಾತ್ರ ಒಂದೊಂದರಲ್ಲಿ ಒಂದೊಂದು ತರಹ. ಬಹುತೇಕರು ಮೂರನ್ನೂ ಸೇರಿಸಿ 'ನರದ ಉರಿಯೂತ' ಎಂದುಬಿಡುತ್ತಾರೆ. ನಿಜವಾಗಿ ಹೆಚ್ಚು ಕಣ್ಣುಗಳನ್ನು ಕೊಲ್ಲುವುದು ಮೊದಲನೆಯದು, ರಕ್ತ ನಿಂತುಹೋಗುವುದು.

ರಕ್ತ ಎಲ್ಲಿಂದ ಬರುತ್ತದೆಂಬುದನ್ನು ಖಚಿತವಾಗಿ ತೋರಿಸಿಕೊಟ್ಟವರು ಪಂಜಾಬಿನಲ್ಲಿ ಹುಟ್ಟಿದ ಸೋಹನ್ ಸಿಂಗ್ ಹೈರೇ. ಭಾರತದಲ್ಲಿ ಅಂಗರಚನಾ ಶಾಸ್ತ್ರ ಕಲಿಸುತ್ತಿದ್ದ ಅವರು 1961ರಲ್ಲಿ ಲಂಡನ್ನಿಗೆ ಹೋದರು. ಮುಂದೆ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಈ ವಿಷಯವನ್ನು ಬೆನ್ನಟ್ಟಿದರು. ನರದ ಮುಂತುದಿಗೆ ರಕ್ತ ಕೊಡುವ ಮುಖ್ಯ ನಾಳಗಳು ಕಣ್ಣಿನ ಹಿಂಬದಿಯಿಂದ ಒಳಹೊಗುವ ಪೋಸ್ಟೀರಿಯರ್ ಸಿಲಿಯರಿ ಆರ್ಟರಿಗಳು ಎಂದು ಅವರು ಸ್ಥಾಪಿಸಿದರು. ಅವು ಮುಚ್ಚಿದರೆ ನರದ ತುದಿ ಸಾಯುತ್ತದೆ. ಆ ಹೊತ್ತಿನಲ್ಲಿ ಬಹುಮಂದಿ ಬೇರೆ ಮಾತು ನಂಬಿದ್ದರು. ಹೈರೇ ತಮ್ಮ ಪಟ್ಟು ಬಿಡದೆ ಕೆಲಸ ಮಾಡಿದ್ದರಿಂದಲೇ ಇಂದು ಹೀಗೆ ನೋಟ ಹೋಗುವುದರ ಬಗ್ಗೆ ನೇರವಾಗಿ ಮಾತಾಡಲು ಸಾಧ್ಯವಾಗಿದೆ.

ಈ ನಾಳಗಳನ್ನು ಮುಚ್ಚುವುದರಲ್ಲಿ ಎಲ್ಲಕ್ಕಿಂತ ಕುಖ್ಯಾತಿ ಪಡೆದದ್ದು ಜೈಂಟ್ ಸೆಲ್ ಆರ್ಟರೈಟಿಸ್. ಇದು ಮುಪ್ಪಿನ ಕಾಯಿಲೆ. 50ಕ್ಕಿಂತ ಮೊದಲು ಬರುವುದಿಲ್ಲವೆಂದೇ ಹೇಳಬಹುದು. ಹೆಚ್ಚಿನವರು 70 ದಾಟಿದವರು. ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. 1890ರಲ್ಲಿ ಲಂಡನ್ನಿನ ಜೊನಾಥನ್ ಹಚಿನ್ಸನ್ ಇದರ ಮೊದಲ ಆಧುನಿಕ ವಿವರಣೆ ಕೊಟ್ಟರು. ಹಣೆಯ ಎರಡೂ ಬದಿಯಲ್ಲಿ ಕೆಂಪು ಗೀರುಗಳೆದ್ದು ಹ್ಯಾಟ್ ಹಾಕಿಕೊಳ್ಳಲಾಗದಷ್ಟು ನೋಯುತ್ತಿದ್ದ ಒಬ್ಬ ಮುದುಕರು ಅವರ ರೋಗಿ. 1932ರಲ್ಲಿ ಮೇಯೊ ಕ್ಲಿನಿಕ್ಕಿನ ಬೇಯಾರ್ಡ್ ಹಾರ್ಟನ್ ಮತ್ತು ಜೊತೆಗಾರರು ಹಣೆಬದಿಯ ನಾಳದ ತುಂಡನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಇದೇ ಕಾಯಿಲೆ ಕುರುಡುತನವನ್ನೂ ತರುತ್ತದೆ ಎಂಬುದು ವೈದ್ಯಲೋಕದ ಗಮನಕ್ಕೆ ಬಂದದ್ದು ಮೂವತ್ತರ ದಶಕದ ಕೊನೆಗೆ. ಸಾವಿರ ವರ್ಷದ ಹಿಂದೆ ಬಾಗ್ದಾದಿನ ಕಣ್ಣಿನ ವೈದ್ಯ ಅಲಿ ಇಬ್ನ್ ಈಸಾ ಹಣೆಬದಿಯ ನಾಳದ ಉರಿಗೂ ನೋಟ ಹೋಗುವುದಕ್ಕೂ ಸಂಬಂಧ ಗುರುತಿಸಿದ್ದರೆಂದು ಇತಿಹಾಸಕಾರರು ಹೇಳುತ್ತಾರೆ. ನಡುವಿನ ಅಷ್ಟು ಶತಮಾನ ಆ ಅರಿವು ಯಾರ ಉಪಯೋಗಕ್ಕೂ ಬರಲಿಲ್ಲ.

ನಾಳದ ಗೋಡೆಯೊಳಗೆ ಏನಾಗುತ್ತದೆಂದು ನೋಡಬೇಕು. ಮಧ್ಯಮ ಮತ್ತು ದೊಡ್ಡ ಗಾತ್ರದ ಅಪಧಮನಿಗಳ ಗೋಡೆಯಲ್ಲಿ ಹಿಗ್ಗಿ ಕುಗ್ಗುವ ಎಲಾಸ್ಟಿಕ್ ಪದರವಿದೆ. ರೋಗನಿರೋಧಕ ಕಣಗಳು ಹೊರಗಿನಿಂದ ಗೋಡೆಯೊಳಗೆ ನುಗ್ಗಿ ಆ ಪದರದ ಬಳಿ ಸೇರುತ್ತವೆ. ಹಲವು ಕಣಗಳು ಕೂಡಿ ದೈತ್ಯಕಣಗಳಾಗುತ್ತವೆ. ಕಾಯಿಲೆಯ ಹೆಸರು ಬಂದದ್ದು ಅದರಿಂದ. ಪದರ ತುಂಡುತುಂಡಾಗುತ್ತದೆ, ಒಳಮೈ ದಪ್ಪಗಾಗಿ ಬೆಳೆಯುತ್ತ ಹೋಗುತ್ತದೆ, ರಕ್ತದ ದಾರಿ ಸಪೂರವಾಗಿ ಕೊನೆಗೆ ಮುಚ್ಚುತ್ತದೆ. ಮಿದುಳಿನೊಳಗಿನ ನಾಳಗಳಲ್ಲಿ ಈ ಎಲಾಸ್ಟಿಕ್ ಅಂಶ ಬಹಳ ಕಡಿಮೆ. ಹಾಗಾಗಿ ಮಿದುಳು ಬಹುಮಟ್ಟಿಗೆ ಪಾರಾಗುತ್ತದೆ, ಕಣ್ಣು ಸಿಕ್ಕಿಬೀಳುತ್ತದೆ.

ಕಣ್ಣಿಗಿಂತ ಮೊದಲು ಬಾಧೆ ಪಡುವ ಜಾಗಗಳು ಬೇರೆ. ಹೊಸದಾಗಿ ಶುರುವಾದ, ಬಿಡದ ತಲೆನೋವು. ತಲೆ ಬಾಚುವಾಗ, ದಿಂಬಿಗೆ ತಲೆಯಿಟ್ಟಾಗ ನೆತ್ತಿಯ ಚರ್ಮ ನೋಯುವುದು. ಬೆಳಿಗ್ಗೆ ಎದ್ದಾಗ ಭುಜ, ಸೊಂಟ ಹಿಡಿದುಕೊಂಡು ಕೈ ಮೇಲೆತ್ತಲಾಗದಿರುವುದು. ಸಣ್ಣ ಜ್ವರ, ತೂಕ ಇಳಿಯುವುದು. ಇವೆಲ್ಲಕ್ಕಿಂತ ಬೆಲೆಬಾಳುವ ಸುಳಿವು ದವಡೆಯದು: ರೊಟ್ಟಿ ಅಗಿಯಲು ತೊಡಗಿ ಒಂದೆರಡು ನಿಮಿಷಕ್ಕೆ ದವಡೆ ನೋಯುತ್ತದೆ, ನಿಲ್ಲಿಸಿದರೆ ನೋವು ಇಳಿಯುತ್ತದೆ, ಮತ್ತೆ ಅಗಿದರೆ ಮತ್ತೆ ಬರುತ್ತದೆ. ಅಗಿಯುವ ಸ್ನಾಯುವಿಗೆ ರಕ್ತ ಸಾಲುತ್ತಿಲ್ಲ ಎಂದರ್ಥ. ಹೈರೇ ತಂಡ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಯಾಪ್ಸಿಯಲ್ಲಿ ಕಾಯಿಲೆ ಖಚಿತವಾಗುವ ಸಂಭವವನ್ನು ಎಲ್ಲಕ್ಕಿಂತ ಹೆಚ್ಚು, ಸುಮಾರು 9 ಪಟ್ಟು, ಏರಿಸಿದ ಲಕ್ಷಣ ಇದೇ. ಈ ನೋವಿಗೆ ಹಿರಿಯರು ಹೋಗುವುದು ಹಲ್ಲಿನ ಡಾಕ್ಟರ ಬಳಿಗೆ. ಅಲ್ಲಿ ಯಾರಾದರೂ "ತಲೆ ಬಾಚಿಕೊಳ್ಳುವಾಗ ನೋಯುತ್ತದೆಯೇ ಅಮ್ಮಾ?" ಎಂದು ಕೇಳಿದರೆ ಎರಡು ಕಣ್ಣು ಉಳಿದಾವು.

ಆಮೇಲೆ ಕಣ್ಣಿನ ಮುನ್ಸೂಚನೆಗಳು. ಒಂದು ಕಣ್ಣಿಗೆ ಕೆಲವು ನಿಮಿಷ ಕತ್ತಲು ಕವಿದು ಮತ್ತೆ ತಿಳಿಯಾಗುತ್ತದೆ. ಕೆಲವರಿಗೆ ಒಂದು ವಸ್ತು ಎರಡಾಗಿ ಕಾಣುತ್ತದೆ. ಇವು ತಾವಾಗಿ ಸರಿಹೋಗುವುದರಿಂದಲೇ ಜನ ಸುಮ್ಮನಾಗುತ್ತಾರೆ. ಇನ್ನು ಕೆಲವರಿಗೆ ಯಾವ ಮುನ್ಸೂಚನೆಯೂ ಇರುವುದಿಲ್ಲ. ಈ ಕಾಯಿಲೆಯಿಂದ ನೋಟಕ್ಕೆ ಪೆಟ್ಟುಬಿದ್ದ ಹೈರೇ ಅವರ ರೋಗಿಗಳಲ್ಲಿ ಐವರಲ್ಲೊಬ್ಬರಿಗೆ ತಲೆನೋವಾಗಲಿ ದವಡೆನೋವಾಗಲಿ ಇರಲೇ ಇಲ್ಲ. ಬೆಳಿಗ್ಗೆ ಎದ್ದಾಗ ಒಂದು ಕಣ್ಣು ಹೋಗಿತ್ತು, ಅಷ್ಟೆ.

ಅಂಥ ಕಣ್ಣನ್ನು ಪರೀಕ್ಷಿಸಲು ಮೊದಲಿಗೆ ಬೇಕಾಗುವುದು ಒಂದು ಟಾರ್ಚ್. ಮಬ್ಬುಗತ್ತಲ ಕೋಣೆಯಲ್ಲಿ ರೋಗಿಗೆ ದೂರದ ಗೋಡೆ ನೋಡಲು ಹೇಳಿ ಒಳ್ಳೆಯ ಕಣ್ಣಿಗೆ ಬೆಳಕು ಬಿಟ್ಟರೆ ಎರಡೂ ಕಣ್ಣಿನ ಪಾಪೆಗಳು ಕಿರಿದಾಗುತ್ತವೆ. ಬೆಳಕನ್ನು ಥಟ್ಟನೆ ಕೆಟ್ಟ ಕಣ್ಣಿಗೆ ತಿರುಗಿಸಿದರೆ, ಬೆಳಕು ನೇರ ಬೀಳುತ್ತಿದ್ದರೂ, ಪಾಪೆ ಕಿರಿದಾಗುವ ಬದಲು ಹಿಗ್ಗುತ್ತದೆ. ನರ ಸುದ್ದಿಯನ್ನು ಮಿದುಳಿಗೆ ಒಯ್ಯುತ್ತಿಲ್ಲ ಎಂಬುದಕ್ಕೆ ಇದಕ್ಕಿಂತ ಸರಳ ಸಾಕ್ಷಿಯಿಲ್ಲ. ಪೊರೆಯಿಂದ ಮಂಜಾದ ಕಣ್ಣಿನಲ್ಲಿ ಹೀಗಾಗದು. ಬಳಿಕ ಒಳಗಿಣುಕಿದರೆ ನರದ ತುದಿ ಊದಿಕೊಂಡು ಸುಣ್ಣದಂಥ ಬಿಳುಪಿಗೆ ತಿರುಗಿರುತ್ತದೆ. ಬೇರೆ ಕಾರಣಗಳಿಂದ ಊದಿದ ನರ ಕೆಂಪಗಿರುತ್ತದೆ. ಈ ಬಿಳುಪು ರಕ್ತ ನಿಂತದ್ದರ ಗುರುತು.

ಇಲ್ಲಿಂದ ಮುಂದೆ ಹೋರಾಟ ಎರಡನೆಯ ಕಣ್ಣಿನ ಸಲುವಾಗಿ. ಚಿಕಿತ್ಸೆ ಕೊಡದಿದ್ದರೆ ಅರ್ಧದಷ್ಟು ಜನರಲ್ಲಿ ಇನ್ನೊಂದು ಕಣ್ಣೂ ಕೆಲವೇ ದಿನ ಅಥವಾ ವಾರಗಳಲ್ಲಿ ಹೋಗಬಹುದು. ಹೋದ ಕಣ್ಣು ಮರಳುವ ಆಸೆ ಬಹಳ ಕಡಿಮೆ: ಹೈರೇ ಲೆಕ್ಕದಲ್ಲಿ ನೋಟದ ಸ್ಪಷ್ಟತೆಯೂ ನಡುನೋಟದ ಹರಹೂ ಎರಡೂ ನಿಜವಾಗಿ ಸುಧಾರಿಸಿದ್ದು ಶೇ. 4ರಷ್ಟು ಕಣ್ಣುಗಳಲ್ಲಿ ಮಾತ್ರ. ಆದ್ದರಿಂದ ಅನುಮಾನ ಬಂದ ಹೊತ್ತಿಗೇ ಸ್ಟೀರಾಯ್ಡ್ ಶುರುವಾಗಬೇಕು, ಪರೀಕ್ಷೆಗಳು ಹಿಂದಿನಿಂದ ಬರಲಿ ಎಂಬುದು ಎಲ್ಲ ಮಾರ್ಗಸೂಚಿಗಳ ಒಕ್ಕೊರಲು. ನೋಟ ಹೋಗಿದ್ದರೆ ಅಥವಾ ಹೋಗಿಬರುತ್ತಿದ್ದರೆ ಮೂರು ದಿನದವರೆಗೆ ರಕ್ತನಾಳಕ್ಕೆ ಮೀಥೈಲ್‌ಪ್ರೆಡ್ನಿಸೊಲೋನ್, ಆಮೇಲೆ ದಿನಕ್ಕೆ 40ರಿಂದ 60 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಮಾತ್ರೆ. ಸ್ಟೀರಾಯ್ಡನ್ನು ಔಷಧವಾಗಿಸಿದ ಫಿಲಿಪ್ ಹೆಂಚ್ ಕೂಡ ಮೇಯೊ ಕ್ಲಿನಿಕ್ಕಿನವರೇ. ಅವರಿಗೆ 1950ರಲ್ಲಿ ನೊಬೆಲ್ ಬಂತು. ಅದಕ್ಕೆ ಮುಂಚೆ ಈ ಕಾಯಿಲೆ ಹಿಡಿದವರ ಮುಂದೆ ವೈದ್ಯರಿಗೆ ಮಾಡುವುದಕ್ಕೇನೂ ಇರಲಿಲ್ಲ.

ರಕ್ತಪರೀಕ್ಷೆಯಲ್ಲಿ ಉರಿಯೂತದ ಗುರುತುಗಳಾದ ಇಎಸ್‌ಆರ್ ಮತ್ತು ಸಿಆರ್‌ಪಿ ಎರಡನ್ನೂ ನೋಡುತ್ತಾರೆ. ಇಎಸ್‌ಆರ್ ಒಂದನ್ನೇ ನಂಬಿ ಕೂರುವಂತಿಲ್ಲ. ಕಾಯಿಲೆ ಇದ್ದೂ ಅದು ಸಹಜವಾಗಿ ಬರುವುದುಂಟು. ಹಣೆಬದಿಯ ನಾಳದ ಬಯಾಪ್ಸಿ ಸಣ್ಣ ಶಸ್ತ್ರಕ್ರಿಯೆ: ಅಷ್ಟು ಜಾಗ ಮರಗಟ್ಟಿಸಿ, ಕೂದಲಂಚಿನಲ್ಲಿ ಚರ್ಮ ಸೀಳಿ, ಒಂದೆರಡು ಸೆಂಟಿಮೀಟರ್ ನಾಳ ತೆಗೆಯುತ್ತಾರೆ. ಉರಿಯೂತ ಅಲ್ಲಲ್ಲಿ ಬಿಟ್ಟುಬಿಟ್ಟು ಇರುವುದರಿಂದ ತುಂಡು ಗಿಡ್ಡವಾದರೆ ಕಾಯಿಲೆ ತಪ್ಪಿಹೋಗಬಹುದು. ಸ್ಟೀರಾಯ್ಡ್ ಕೊಟ್ಟ ಒಂದೆರಡು ವಾರದವರೆಗೂ ಬಯಾಪ್ಸಿಯಲ್ಲಿ ಗುರುತು ಉಳಿದಿರುತ್ತದೆ. ಹಾಗಾಗಿ ಬಯಾಪ್ಸಿಗೆ ಕಾದು ಔಷಧ ತಡೆಹಿಡಿಯುವುದಕ್ಕೆ ನೆಪವಿಲ್ಲ. 1997ರಲ್ಲಿ ಬರ್ಲಿನ್ನಿನ ವೋಲ್ಫ್‌ಗಾಂಗ್ ಶ್ಮಿಟ್ ಅಲ್ಟ್ರಾಸೌಂಡಿನಲ್ಲಿ ಊದಿದ ನಾಳದ ಸುತ್ತ ಕಪ್ಪು ಬಳೆ ಕಾಣುತ್ತದೆಂದು ತೋರಿಸಿದರು. ಈಗ ಯುರೋಪಿನಲ್ಲಿ ಮೊದಲ ಪರೀಕ್ಷೆ ಅದೇ. ಇಂಗ್ಲೆಂಡಿನ ಸೌತೆಂಡ್ ಆಸ್ಪತ್ರೆಯಲ್ಲಿ ಭಾಸ್ಕರ್ ದಾಸ್‌ಗುಪ್ತಾ ಅವರ ತಂಡ ಅನುಮಾನ ಬಂದವರನ್ನು ತಡಮಾಡದೆ ತಜ್ಞರಿಗೂ ಅಲ್ಟ್ರಾಸೌಂಡಿಗೂ ತಲುಪಿಸುವ ಪದ್ಧತಿ ತಂದಿತು. ಶಾಶ್ವತವಾಗಿ ನೋಟ ಕಳೆದುಕೊಳ್ಳುವವರ ಪ್ರಮಾಣ ಅಲ್ಲಿ ಶೇ. 37ರಿಂದ ಶೇ. 9ಕ್ಕೆ ಇಳಿಯಿತು. ಹೊಸ ಔಷಧವೇನೂ ಬಂದಿರಲಿಲ್ಲ, ಕಾಯುವ ಸಾಲು ಮಾತ್ರ ಗಿಡ್ಡವಾಗಿತ್ತು. ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಅಂಕಿಗಳು ಇವೇ.

ಹೊಸ ಔಷಧಗಳು ಬಂದಿಲ್ಲವೆಂದಲ್ಲ. ಟೋಸಿಲಿಜುಮಾಬ್ ಹೆಸರು ಕೋವಿಡ್ ಕಾಲದಲ್ಲಿ ನಮ್ಮ ಊರೂರಿಗೂ ತಿಳಿಯಿತು. ಅದು ಐಎಲ್-6 ಎಂಬ ಉರಿಯೂತದ ಸಂಕೇತವನ್ನು ತಡೆಯುತ್ತದೆ. 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 251 ರೋಗಿಗಳಿದ್ದರು. ವಾರಕ್ಕೊಮ್ಮೆ ಇದನ್ನು ಪಡೆದವರಲ್ಲಿ ಶೇ. 56 ಮಂದಿ ಒಂದು ವರ್ಷದ ಕೊನೆಗೆ ಕಾಯಿಲೆ ಮರುಕಳಿಸದೆ, ಸ್ಟೀರಾಯ್ಡಿನಿಂದಲೂ ಬಿಡುಗಡೆ ಪಡೆದಿದ್ದರು. ಬರೀ ಸ್ಟೀರಾಯ್ಡ್ ಪಡೆದವರಲ್ಲಿ ಈ ಪ್ರಮಾಣ ಶೇ. 14ರಿಂದ 18. 2025ರಲ್ಲಿ ಉಪಡಾಸಿಟಿನಿಬ್ ಎಂಬ ಮಾತ್ರೆಗೂ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇವು ಸ್ಟೀರಾಯ್ಡಿನ ಹೊರೆ ಇಳಿಸುವ ಔಷಧಗಳು. ಮೊದಲ ದಿನದ ತುರ್ತಿನಲ್ಲಿ ಸ್ಟೀರಾಯ್ಡಿಗೆ ಬದಲಿ ಇನ್ನೂ ಇಲ್ಲ.

ನಾರ್ವೆ, ಸ್ವೀಡನ್ ಮೂಲದ ಜನರಲ್ಲಿ 50 ದಾಟಿದ ಪ್ರತಿ ಲಕ್ಷಕ್ಕೆ ವರ್ಷಕ್ಕೆ ಸುಮಾರು 20 ಮಂದಿಗೆ ಈ ಕಾಯಿಲೆ ಬರುತ್ತದೆ. ಏಷ್ಯಾದಲ್ಲಿ ಅದಕ್ಕಿಂತ ಬಹಳ ವಿರಳ. ವಿರಳ ಎಂಬುದು ನಮ್ಮಲ್ಲಿ ಮರೆತುಬಿಡಲು ಕಾರಣವಾಗಿದೆ. 75ರ ಅಜ್ಜಿ "ಕಣ್ಣು ಮಂಜು" ಎಂದರೆ ಮನೆಯವರ ಮನಸ್ಸು ಪೊರೆಯತ್ತಲೇ ಹೋಗುತ್ತದೆ. ಪೊರೆಗೆ ಅವಸರವಿಲ್ಲ, ಸುಗ್ಗಿ ಮುಗಿಯಲಿ, ಮಗ ಬೆಂಗಳೂರಿನಿಂದ ಬರಲಿ, ಮುಂದಿನ ತಿಂಗಳ ಉಚಿತ ಶಿಬಿರ ಬರಲಿ ಎಂದು ಕಾಯಬಹುದು. ಪೊರೆ ನೋಟವನ್ನು ತಿಂಗಳು, ವರ್ಷಗಳಲ್ಲಿ ಕಸಿಯುತ್ತದೆ. ರಾತ್ರಿ ಬೆಳಗಾಗುವುದರೊಳಗೆ ಹೋದ ನೋಟ ಪೊರೆಯದಲ್ಲ. ಶಿಬಿರಗಳ ಫಲಕದಲ್ಲಿ ಇಷ್ಟು ಮಾತನ್ನು ದಪ್ಪಕ್ಷರದಲ್ಲಿ ಬರೆಸಲು ದೊಡ್ಡ ಖರ್ಚೇನೂ ಇಲ್ಲ.

ನಮ್ಮಲ್ಲಿ ಹೆಚ್ಚು ಕಾಣುವುದು ಟಕಾಯಾಸು ಕಾಯಿಲೆ. ಅದು ಬರುವುದು ಬಹುಪಾಲು ನಲವತ್ತರೊಳಗಿನ ಹೆಣ್ಣುಮಕ್ಕಳಿಗೆ. ಭಾರತದ ರೋಗಿಗಳಲ್ಲಿ ಹೊಟ್ಟೆಯ ಮಹಾಧಮನಿ ಮತ್ತು ಮೂತ್ರಪಿಂಡದ ನಾಳಗಳು ಸಿಲುಕುವುದು ಸಾಮಾನ್ಯ. ಹಾಗಾಗಿ ನೋಟ ಕೆಡುವುದು ಎರಡು ತದ್ವಿರುದ್ಧ ದಾರಿಗಳಲ್ಲಿ: ಕತ್ತಿನ ನಾಳ ಮುಚ್ಚಿ ಕಣ್ಣಿಗೆ ರಕ್ತ ಸಾಲದೆ, ಅಥವಾ ಮೂತ್ರಪಿಂಡದ ನಾಳ ಮುಚ್ಚಿ ರಕ್ತದೊತ್ತಡ ಮಿತಿಮೀರಿ ರೆಟಿನಾ, ನರ ಊದಿ. ಇಪ್ಪತ್ತೈದರ ಹುಡುಗಿಗೆ ಬಿಪಿ ಏರಿದೆಯೆಂದರೆ ಎರಡೂ ತೋಳುಗಳಲ್ಲಿ ಅಳೆದು ನೋಡಬೇಕು. ಒಂದು ತೋಳಲ್ಲಿ 170, ಇನ್ನೊಂದರಲ್ಲಿ 110 ಬಂದರೆ ಉತ್ತರ ಅರ್ಧ ಸಿಕ್ಕಂತೆಯೇ. ವೆಲ್ಲೂರಿನ ಸಿಎಂಸಿ ಮತ್ತು ಲಖನೌದ ಸಂಜಯ ಗಾಂಧಿ ಸಂಸ್ಥೆಯ ವೈದ್ಯರು ಸೇರಿ ಈ ಕಾಯಿಲೆ ಎಷ್ಟು ಸಕ್ರಿಯವಾಗಿದೆ ಎಂದು ಅಳೆಯಲು ಐಟಾಸ್ 2010 ಎಂಬ ಮಾನದಂಡ ರೂಪಿಸಿದ್ದಾರೆ. ಭಾರತದ ವೈದ್ಯರು ತಮ್ಮ ರೋಗಿಗಳನ್ನೇ ನೋಡಿ ಮಾಡಿದ ಕೆಲಸ ಅದು.

ಸಣ್ಣ ನಾಳಗಳ ಕಾಯಿಲೆಗಳಲ್ಲಿ ಮುಖ್ಯವಾದದ್ದು ಗ್ರಾನ್ಯುಲೊಮಟೋಸಿಸ್ ವಿತ್ ಪಾಲಿಆಂಜಿಐಟಿಸ್, ಚಿಕ್ಕದಾಗಿ ಜಿಪಿಎ. ಮೊದಲು ಇದಕ್ಕೆ ಫ್ರೀಡ್ರಿಶ್ ವೆಗನರ್ ಹೆಸರಿತ್ತು. ಅವರ ನಾಜಿ ಹಿನ್ನೆಲೆ ಬೆಳಕಿಗೆ ಬಂದು 2011ರಲ್ಲಿ ವೈದ್ಯ ಸಂಘಗಳು ಹೆಸರು ಬದಲಿಸಿದವು. ಸರಿಯಾದ ತೀರ್ಮಾನ. ಇದು ಮೂಗು, ಸೈನಸ್, ಶ್ವಾಸಕೋಶ, ಮೂತ್ರಪಿಂಡಗಳನ್ನು ಹಿಡಿಯುತ್ತದೆ. ಹೆಚ್ಚುಕಡಿಮೆ ಅರ್ಧದಷ್ಟು ರೋಗಿಗಳಲ್ಲಿ ಎಂದಾದರೊಮ್ಮೆ ಕಣ್ಣಿಗೂ ತಟ್ಟುತ್ತದೆ. ಮೂಗಿನಲ್ಲಿ ರಕ್ತ ಬೆರೆತ ಹಕ್ಕಳೆ, ವಾಸಿಯಾಗದ ಸೈನಸ್, ಕಿವಿ ಮಂದ, ಕಣ್ಣಿನ ಬಿಳಿಭಾಗದಲ್ಲಿ ಕೆಂಪು ಮತ್ತು ಆಳದ ನೋವು. ಬಳಿಕ ಕಣ್ಣಗುಳಿಯಲ್ಲಿ ಗಡ್ಡೆ ಬೆಳೆದು ಗುಡ್ಡೆ ಮುಂದಕ್ಕೆ ಬರುತ್ತದೆ, ನರ ಹಿಸುಕಿಹೋಗುತ್ತದೆ. 1985ರಿಂದ ಆಂಕಾ ಎಂಬ ರಕ್ತಪರೀಕ್ಷೆ ಇದನ್ನು ಗುರುತಿಸಲು ನೆರವಾಗಿದೆ. ಹಿಂದೆ ರೋಗಿಗಳು ಚಿಕಿತ್ಸೆಯಿಲ್ಲದೆ ಸಾಯುತ್ತಿದ್ದ ಈ ಕಾಯಿಲೆಗೆ 1970ರ ದಶಕದಲ್ಲಿ ಆಂಟನಿ ಫೌಚಿ ಮತ್ತು ಶೆಲ್ಡನ್ ವುಲ್ಫ್ ಸೈಕ್ಲೊಫಾಸ್ಫಮೈಡ್ ಕೊಟ್ಟು ದಾರಿ ತೆರೆದರು. 2010ರ ನಂತರ ರಿಟುಕ್ಸಿಮಾಬ್ ಅದರ ಸಾಲಿಗೆ ಬಂದು ನಿಂತಿದೆ.

ಭಾರತದಲ್ಲಿ ಇಲ್ಲೊಂದು ಕಠಿಣ ತೊಡಕಿದೆ. ಸೈನಸ್ಸು, ಕಣ್ಣಗುಳಿ, ನೋಟ ಹೋಗುವುದು, ಈ ಮೂರು ಒಟ್ಟಿಗೆ ಬಂದರೆ ನಮ್ಮಲ್ಲಿ ಮೊದಲು ನೆನಪಾಗಬೇಕಾದ್ದು ಕಪ್ಪು ಶಿಲೀಂಧ್ರ. 2021ರ ಬೇಸಿಗೆಯಲ್ಲಿ ದೇಶದಲ್ಲಿ 40 ಸಾವಿರಕ್ಕೂ ಹೆಚ್ಚು ಮಂದಿಗೆ ಅದು ತಗುಲಿತು. ಸಕ್ಕರೆ ಕಾಯಿಲೆ, ಕೋವಿಡ್ಡಿಗೆ ಕೊಟ್ಟ ಸ್ಟೀರಾಯ್ಡ್ ಎರಡೂ ಅದಕ್ಕೆ ನೆಲ ಹದಮಾಡಿದವು. ಜಿಪಿಎ ಎಂದುಕೊಂಡು ಶಿಲೀಂಧ್ರಕ್ಕೆ ಸ್ಟೀರಾಯ್ಡ್ ಕೊಟ್ಟರೆ ಜೀವವೇ ಹೋಗುತ್ತದೆ. ಹಾಗಾಗಿ ಕಣ್ಣಗುಳಿಯ ಗಡ್ಡೆಯಲ್ಲಿ ತುಂಡು ತೆಗೆದು ಅಂದೇ ಶಿಲೀಂಧ್ರಕ್ಕಾಗಿ ನೋಡುವುದು ಅನಿವಾರ್ಯ. ಕ್ಷಯವೂ ಹೀಗೆಯೇ ವೇಷ ಹಾಕುತ್ತದೆ. ರೆಟಿನಾದ ನಾಳಗಳು ಊದಿ ರಕ್ತ ಸುರಿಯುವ ಈಲ್ಸ್ ಕಾಯಿಲೆಗೂ ಕ್ಷಯಕ್ಕೂ ನಂಟಿದೆಯೆಂದು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಸಿಫಿಲಿಸ್ ಇನ್ನೊಂದು. 'ಮೊದಲು ಔಷಧ, ಆಮೇಲೆ ಪರೀಕ್ಷೆ' ಎಂಬ ನಿಯಮ ಅಜ್ಜಿಯ ತಲೆನೋವಿಗೆ ಹೊಂದುತ್ತದೆ. ಸಕ್ಕರೆ ಕಾಯಿಲೆಯವರ ಸೈನಸ್ಸಿಗೆ ಹೊಂದುವುದಿಲ್ಲ.

ಬೆಹ್ಚೆಟ್ ಕಾಯಿಲೆಯನ್ನು 1937ರಲ್ಲಿ ಇಸ್ತಾಂಬುಲ್ಲಿನ ಚರ್ಮವೈದ್ಯ ಹುಲುಸಿ ಬೆಹ್ಚೆಟ್ ವಿವರಿಸಿದರು. ಬಾಯಲ್ಲಿ ಪದೇಪದೇ ಹುಣ್ಣು, ಜನನಾಂಗದಲ್ಲಿ ಹುಣ್ಣು, ಕಣ್ಣಿನೊಳಗೆ ಉರಿಯೂತ. ಟರ್ಕಿಯಿಂದ ಜಪಾನಿನವರೆಗೆ ಹಳೆಯ ರೇಷ್ಮೆ ಹಾದಿಯ ಉದ್ದಕ್ಕೂ ಇದು ಹೆಚ್ಚು. ರೆಟಿನಾದ ನಾಳಗಳು ಮುಚ್ಚುತ್ತ ಹೋಗಿ ನರ ಬಿಳುಚುತ್ತದೆ. ಮಿದುಳಿನ ಸಿರೆಗಳಲ್ಲಿ ರಕ್ತ ಹೆಪ್ಪುಗಟ್ಟಿ ಒತ್ತಡದಿಂದಲೂ ನರ ಊದಬಹುದು. ಇನ್‌ಫ್ಲಿಕ್ಸಿಮಾಬ್, ಅಡಾಲಿಮುಮಾಬ್ ಬಂದ ಮೇಲೆ ಈ ಕಣ್ಣುಗಳ ಗತಿ ಬಹಳ ಸುಧಾರಿಸಿದೆ.

ಇವುಗಳಿಂದ ಬೇರ್ಪಡಿಸಿ ನೋಡಬೇಕಾದದ್ದು ನಿಜವಾದ ದೃಷ್ಟಿನರದ ಉರಿಯೂತ, ಅಂದರೆ ಆಪ್ಟಿಕ್ ನ್ಯೂರೈಟಿಸ್. ಅದು ಸಾಮಾನ್ಯವಾಗಿ ಇಪ್ಪತ್ತರಿಂದ ನಲವತ್ತರವರದು. ಕಣ್ಣು ಹೊರಳಿಸಿದರೆ ನೋವು, ಕುಂಕುಮದ ಕೆಂಪು ಮಾಸಿದಂತೆ ಕಾಣುವುದು. ಮಲ್ಟಿಪಲ್ ಸ್ಕ್ಲೆರೋಸಿಸ್ ಹಿಂದಿದ್ದರೆ ನೋಟ ವಾರಗಳಲ್ಲಿ ಬಹುಮಟ್ಟಿಗೆ ಮರಳುತ್ತದೆ. 1992ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ಈ ಬಗೆಯ ರೋಗಿಗಳಿಗೆ ಬರೀ ಸಾಮಾನ್ಯ ಪ್ರಮಾಣದ ಪ್ರೆಡ್ನಿಸೋನ್ ಮಾತ್ರೆ ಕೊಟ್ಟರೆ ಕಾಯಿಲೆ ಮರುಕಳಿಸುವುದು ಹೆಚ್ಚೆಂದು ತೋರಿಸಿತು. ಇವರ ಔಷಧದ ಲೆಕ್ಕವನ್ನು ಅಜ್ಜಿಗೆ, ಅಜ್ಜಿಯದನ್ನು ಇವರಿಗೆ ಹಚ್ಚುವಂತಿಲ್ಲ. ಎನ್‌ಎಂಒ (ನ್ಯೂರೊಮೈಲೈಟಿಸ್ ಆಪ್ಟಿಕಾ) ಎಂಬ ಇನ್ನೊಂದು ಬಗೆ ಹೆಚ್ಚು ಕ್ರೂರ. ಅದರ ಪ್ರತಿಕಾಯವನ್ನು 2004ರಲ್ಲಿ ಮೇಯೊದ ವಾಂಡಾ ಲೆನ್ನನ್ ತಂಡ ಗುರುತಿಸಿತು. ಮಂಗಳೂರಿನ ನಿಟ್ಟೆ ವಿಶ್ವವಿದ್ಯಾಲಯದಲ್ಲಿ ಡಾ. ಲೇಖಾ ಪಂಡಿತ್ ಅವರ ತಂಡ ಇಂಥ ರೋಗಿಗಳ ದಾಖಲೆಯನ್ನು ವರ್ಷಗಳಿಂದ ಕಟ್ಟುತ್ತ ಬಂದಿದೆ. ವ್ಯಾಸ್ಕ್ಯುಲೈಟಿಸ್ಸಿನಿಂದ ನೋಟ ಕಳೆದುಕೊಂಡವರಿಗೂ ಅಂಥ ದಾಖಲೆ ನಮ್ಮ ರಾಜ್ಯದಲ್ಲಿ ಆಗಬೇಕೆಂಬುದು ನನ್ನ ಬಲವಾದ ಆಸೆ.

ಮತ್ತೆ ಜೈಂಟ್ ಸೆಲ್ ಆರ್ಟರೈಟಿಸ್ಸಿಗೆ ಬಂದರೆ, ಉಳಿದ ಕಣ್ಣನ್ನು ಕಾಯುವ ಕೆಲಸ ವರ್ಷ, ಎರಡು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ನಡೆಯುತ್ತದೆ. ಅಷ್ಟು ಕಾಲ ಸ್ಟೀರಾಯ್ಡ್ ನುಂಗಿದವರಿಗೆ ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ, ಪೊರೆ ಬರುತ್ತದೆ, ಕಣ್ಣಿನ ಒತ್ತಡ ಹೆಚ್ಚುತ್ತದೆ. ಮೊದಲ ದಿನದಿಂದಲೇ ಕ್ಯಾಲ್ಸಿಯಂ, ವಿಟಮಿನ್ ಡಿ ಜೊತೆಗಿರಬೇಕು. ಸಕ್ಕರೆ, ಬಿಪಿ ತಪ್ಪದೆ ನೋಡಬೇಕು. ಮುಖ ಊದಿತೆಂದು ಅಥವಾ ಪಕ್ಕದ ಮನೆಯವರು ಹೆದರಿಸಿದರೆಂದು ಮಾತ್ರೆಯನ್ನು ತಟ್ಟನೆ ನಿಲ್ಲಿಸುವವರಿದ್ದಾರೆ. ಅದು ಎರಡನೆಯ ಕಣ್ಣಿಗೂ ಜೀವಕ್ಕೂ ಅಪಾಯ. ಇಳಿಸುವುದಾದರೆ ವೈದ್ಯರು ಹೇಳಿದ ಲೆಕ್ಕದಲ್ಲಿ, ಮೆಲ್ಲಮೆಲ್ಲನೆ. ದಿನಾ ಬೆಳಿಗ್ಗೆ ಒಂದೊಂದೇ ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ನೋಡಿಕೊಳ್ಳಲು ಮನೆಯವರು ಹೇಳಿಕೊಡಬಹುದು. ಔಷಧ ಇಳಿಸುವಾಗ ತಲೆನೋವು, ದವಡೆನೋವು ಮರಳಿದರೆ ಅಥವಾ ನೋಟ ಮಸುಕಾದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಅದೇ ದಿನ, ಎಲ್ಲ ಚೀಟಿಗಳನ್ನೂ ಹಿಡಿದುಕೊಂಡು, ತುರ್ತು ವಿಭಾಗಕ್ಕೆ ಹೋಗಬೇಕು. ಹೋದ ಕೂಡಲೇ ಕಾಯಿಲೆಯ ಹೆಸರು ಹೇಳಬೇಕು.